ಆರು ತಿಂಗಳು ಖಾಲಿ ಇದ್ದ ಕುರ್ಚಿ

"ಆಂಟಿ, ಅವ್ರು ಎಲೆಕ್ಷನ್ನಲ್ಲಿ ಸೋತ್ರಲ್ಲ, ಮತ್ಯಾಕೆ ಲೀಡರ್ ಆದ್ರು?" ಶನಿವಾರದ ಕನ್ನಡ ತರಗತಿಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. 2023ರ ನವೆಂಬರ್‌ನಲ್ಲಿ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾದ ಬಿಜೆಪಿಯ ಆರ್. ಅಶೋಕ ಅವರಿಗೆ ಹಾರ ಹಾಕುವುದನ್ನು ಟಿವಿಯಲ್ಲಿ ನೋಡಿದ್ದಳಂತೆ. ಟೀಚರಮ್ಮ "ಸಂಪಾದಕರು ಬರೀತಾರೆ, ಓದು" ಎಂದು ಜಾರಿಕೊಂಡರು. ನಾಳೆ ಬೆಳಗ್ಗೆ ನಮ್ಮ ರಾಜ್ಯೋತ್ಸವ ಸಂಚಿಕೆಯ ಪುಟಗಳು ಮುದ್ರಣಕ್ಕೆ ಹೋಗಬೇಕು. ಬಾವುಟ, ಭುವನೇಶ್ವರಿ, 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು, ಎಲ್ಲವೂ ಒಳಪುಟಗಳಲ್ಲಿ ಬಂದಾಗಿದೆ. ಹಾಗಾಗಿ ಈ ಸಲ ಈ ಪುಟ ಅವಳ ಪ್ರಶ್ನೆಗೇ.

ಅಶೋಕ ನಿಂತದ್ದು ಎರಡು ಕಡೆ ಪುಟ್ಟಿ, ಕನಕಪುರದಲ್ಲಿ ಸೋತರೂ ಪದ್ಮನಾಭನಗರದಲ್ಲಿ ಗೆದ್ದಿದ್ದಾರೆ. ಅಧಿಕಾರ ಕಳೆದುಕೊಂಡದ್ದು ಅವರ ಪಕ್ಷ. 2023ರ ಮೇ 13ರ ಎಣಿಕೆಯಲ್ಲಿ 224 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19. ಒಂದು ಪಕ್ಷದಿಂದ ಗೆದ್ದ ಶಾಸಕರೆಲ್ಲ ಸೇರಿದರೆ ಅದು ಶಾಸಕಾಂಗ ಪಕ್ಷ. ಬಹುಮತ ಬಂದವರ ನಾಯಕರು ಮುಖ್ಯಮಂತ್ರಿ. ಎದುರಿಗಿರುವ ದೊಡ್ಡ ಗುಂಪಿನ ನಾಯಕರನ್ನು ಸ್ಪೀಕರ್ ವಿರೋಧ ಪಕ್ಷದ ನಾಯಕರೆಂದು ಮಾನ್ಯ ಮಾಡುತ್ತಾರೆ. ಅವರಿಗೂ ಸಂಪುಟ ದರ್ಜೆ ಉಂಟು.

ಕಾಗದದ ಮೇಲೆ ಆರಿಸುವವರು ಶಾಸಕರು. ನಡೆಯುವುದು ಹೀಗೆ: ದೆಹಲಿಯಿಂದ ವೀಕ್ಷಕರು ಬಂದಿಳಿಯುತ್ತಾರೆ. ಶಾಸಕರನ್ನು ಒಬ್ಬೊಬ್ಬರಾಗಿ ಕೇಳುವುದೂ ಉಂಟು, ಚೀಟಿಯಲ್ಲಿ ಬರೆಸಿಕೊಳ್ಳುವುದೂ ಉಂಟು. ಆಮೇಲೆ "ತೀರ್ಮಾನ ಹೈಕಮಾಂಡಿಗೆ ಬಿಟ್ಟಿದ್ದು" ಎಂಬ ಒಂದು ಸಾಲಿನ ನಿರ್ಣಯ. ಹೆಸರು ಬಂದ ಮೇಲೆ ಒಬ್ಬರು ಸೂಚಿಸಿ, ಇನ್ನೊಬ್ಬರು ಅನುಮೋದಿಸಿ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಕಾಂಗ್ರೆಸ್ಸಿನಲ್ಲಿ ಮೇ 14ರಂದು ಸಭೆಯಾಯಿತು, 18ರಂದು ಸಿದ್ದರಾಮಯ್ಯನವರ ಆಯ್ಕೆಯಾಯಿತು, 20ರಂದು ಕಂಠೀರವದಲ್ಲಿ ಪ್ರಮಾಣವಚನ. ಸರ್ಕಾರ ರಚಿಸುವ ಅವಸರ ಇದ್ದದ್ದರಿಂದ ಅಷ್ಟು ಬೇಗ ಮುಗಿಯಿತು. ಸೋತವರಿಗೆ ಆ ಅವಸರವೂ ಇಲ್ಲ, ಇಂತಿಷ್ಟು ದಿನದೊಳಗೆ ಆರಿಸಿ ಎಂಬ ಕಾನೂನೂ ಇಲ್ಲ. ನವೆಂಬರ್ 17ರವರೆಗೆ ಎಳೆದರು. ಜುಲೈನ ಬಜೆಟ್ ಅಧಿವೇಶನ ವಿರೋಧ ಪಕ್ಷದ ನಾಯಕರಿಲ್ಲದೆಯೇ ಮುಗಿಯಿತು. ವಿಧಾನ ಪರಿಷತ್ತಿನ ಕುರ್ಚಿ ಆಗಲೂ ಖಾಲಿಯೇ ಇತ್ತು.

ಖಾಲಿ ಇದ್ದರೇನಂತೆ ಎನ್ನುವವರಿಗೆ, ಭ್ರಷ್ಟಾಚಾರದ ದೂರು ವಿಚಾರಿಸುವ ಲೋಕಾಯುಕ್ತರ ಕಾಯ್ದೆಯ 3ನೇ ಕಲಮು ತೋರಿಸಬೇಕು. ಲೋಕಾಯುಕ್ತರ ಹೆಸರನ್ನು ಮುಖ್ಯಮಂತ್ರಿ ರಾಜ್ಯಪಾಲರಿಗೆ ಕಳಿಸುವ ಮುಂಚೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಸ್ಪೀಕರ್, ವಿಧಾನ ಪರಿಷತ್ತಿನ ಸಭಾಪತಿ ಮತ್ತು ಎರಡೂ ಸದನಗಳ ವಿರೋಧ ಪಕ್ಷದ ನಾಯಕರ ಜೊತೆ ಸಮಾಲೋಚಿಸಬೇಕು. ಮಾನವ ಹಕ್ಕುಗಳ ಆಯೋಗದ ಆಯ್ಕೆ ಸಮಿತಿಯಲ್ಲೂ ಈ ಕುರ್ಚಿಗೆ ಜಾಗವಿದೆ. ಮಾಹಿತಿ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿರುವವರೇ ಮೂವರು: ಮುಖ್ಯಮಂತ್ರಿ, ಒಬ್ಬ ಮಂತ್ರಿ, ವಿರೋಧ ಪಕ್ಷದ ನಾಯಕ. ಮಾನ್ಯತೆ ಪಡೆದ ನಾಯಕರಿಲ್ಲದಿದ್ದರೆ ದೊಡ್ಡ ವಿರೋಧಿ ಗುಂಪಿನ ನಾಯಕ ಸಾಕು ಎಂದು ಆ ಕಾಯ್ದೆ ದಾರಿ ಬಿಟ್ಟಿದೆ. ಗುಂಪೇ ನಾಯಕನನ್ನು ಆರಿಸದಿದ್ದರೆ ಆ ದಾರಿಯೂ ಮುಚ್ಚಿತು. ಸದನದಲ್ಲಿ ಕೂಗಾಡಲು ಯಾರಾದರೂ ಸಿಗುತ್ತಾರೆ, ಇಂಥ ಕಡತಕ್ಕೆ "ನನ್ನ ಒಪ್ಪಿಗೆ ಇಲ್ಲ" ಎಂದು ಬರೆಯಲು ಈ ಒಬ್ಬರೇ ಬೇಕು.

ಶಾಸಕಾಂಗ ಪಕ್ಷದ ಸಭೆ ಎಂದರೆ ನಮ್ಮ ಹಿರಿಯರಿಗೆ ನೆನಪಾಗುವುದು 1983ರ ಜನವರಿ. ಕಾಂಗ್ರೆಸ್ ಮೊದಲ ಬಾರಿಗೆ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಿತ್ತು. ಜನತಾ ಪಕ್ಷದಲ್ಲಿ ಬಂಗಾರಪ್ಪ, ದೇವೇಗೌಡ, ಎಸ್.ಆರ್. ಬೊಮ್ಮಾಯಿ ಮೂವರೂ ಘಟಾನುಘಟಿಗಳು, ಯಾರೂ ಸೋಲುವವರಲ್ಲ. ಕೊನೆಗೆ ನಾಯಕರಾದದ್ದು ಶಾಸಕರೇ ಅಲ್ಲದ ರಾಮಕೃಷ್ಣ ಹೆಗಡೆ. ಜನವರಿ 10ರಂದು ಪ್ರಮಾಣವಚನ ತೆಗೆದುಕೊಂಡರು. ಆರು ತಿಂಗಳೊಳಗೆ ಸದನಕ್ಕೆ ಬರಬೇಕೆಂಬ ನಿಯಮವಿತ್ತಲ್ಲ, ಪಿ.ಜಿ.ಆರ್. ಸಿಂಧ್ಯಾ ಕನಕಪುರ ಬಿಟ್ಟುಕೊಟ್ಟರು. ಇಂಥ ರಾಜಿಯ ನಾಯಕನಿಂದ ಏನಾದೀತು ಎಂದವರೇ ಹೆಚ್ಚು. ಆದರೆ ಅದೇ ವರ್ಷ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಮಸೂದೆ ಬಂತು, ಮರುವರ್ಷ ಲೋಕಾಯುಕ್ತ ಕಾಯ್ದೆ. ಪಂಚಾಯ್ತಿ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬೀಳುವಷ್ಟರಲ್ಲಿ 1985, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಅದರ ಬೆನ್ನು ಹತ್ತಿದವರು ಹೆಗಡೆಯವರ ಸಂಪುಟದ ಮಂತ್ರಿ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಕೊಳವೆಬಾವಿ ತೋಡಿಸಿ ಹಳ್ಳಿಗಳಲ್ಲಿ 'ನೀರ್ ಸಾಬ್' ಆದವರು. ಹೆಂಗಸರಿಗೆ ನೂರಕ್ಕೆ 25 ಸ್ಥಾನ, ಪಂಚಾಯ್ತಿಗಳಿಗೆ ದೇಶದಾದ್ಯಂತ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಬರುವ ಎಷ್ಟೋ ಮೊದಲೇ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಡಿಸಿ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಊರಿನಲ್ಲಿ ಇದೇನು ಸಣ್ಣ ಮಾತೇ! ಐದು ವರ್ಷ ಮುಗಿಯಿತು, ಬೇರೆ ಸರ್ಕಾರ ಬಂದಿತ್ತು, ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು.

ಇತ್ತೀಚೆಗೂ ಅದೇ ಕಾಯಿಲೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದಿದೆ, ಬೆಂಗಳೂರಿನ ಮಹಾನಗರ ಪಾಲಿಕೆಯಾಗಿದ್ದ ಬಿಬಿಎಂಪಿಯದು 2020ರ ಸೆಪ್ಟೆಂಬರ್‌ನಲ್ಲಿ. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ಮತ್ತು 243ಯು ವಿಧಿಗಳು ಹೇಳುತ್ತವೆ. ತಪ್ಪಿಸುವ ಉಪಾಯ ಮಾತ್ರ ಸುಲಭ: ಕ್ಷೇತ್ರ ಮರುವಿಂಗಡಣೆ ಬಾಕಿ ಎನ್ನುವುದು, ಅದು ಮುಗಿದರೆ ಮೀಸಲಾತಿ ಪಟ್ಟಿ ಬಾಕಿ ಎನ್ನುವುದು, ಪಟ್ಟಿ ಬಂದರೆ ಯಾರಾದರೂ ಕೋರ್ಟಿಗೆ ಹೋಗುತ್ತಾರೆ. ಬೆಂಗಳೂರಿನ ವಾರ್ಡುಗಳು 198ರಿಂದ 243 ಆದವು, 2023ರಲ್ಲಿ 225 ಆದವು. ಈ ಎರಡು ಹೊಸ ವಿಂಗಡಣೆಗಳಲ್ಲಿ ಒಂದಕ್ಕೂ ಮತದಾನ ನಡೆಯಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಕ್ಷೇತ್ರಗಳ ವಿಂಗಡಣೆಯ ಅಧಿಕಾರವನ್ನು 2021ರಲ್ಲಿ ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತುಕೊಂಡದ್ದು ಅಶೋಕ ಅವರು ಮಂತ್ರಿಯಾಗಿದ್ದ ಸರ್ಕಾರವೇ. ಅಧಿಕಾರ ಬದಲಾಯಿತು, ಚುನಾವಣೆ ಬರಲಿಲ್ಲ. ತಮ್ಮದೇ ಸರ್ಕಾರದ ತಪ್ಪನ್ನೂ ಸೇರಿಸಿಕೊಂಡು ಈ ಪ್ರಶ್ನೆಯನ್ನು ಅಶೋಕ ಅವರು ಸದನದಲ್ಲಿ ಎತ್ತಿದರೆ ಸುಧಾರಣೆಯ ಮಾತು ನಂಬಬಹುದು. ಬರೀ ಜಗಳದಲ್ಲೇ ಅಧಿವೇಶನ ಕಳೆದರೆ ಟೀಚರಮ್ಮನ ಹಾಗೆ ನಾವೂ ಜಾರಿಕೊಳ್ಳಬಹುದು.

ಹೊರದೇಶದಲ್ಲಿರುವ ನಮ್ಮ ಕೈಲಾಗುವುದು: ಭಾರತದ ಪಾಸ್‌ಪೋರ್ಟ್ ಇರುವವರು ಮತದಾರರ ಪಟ್ಟಿಗೆ ಸೇರುವ ಅರ್ಜಿಯಾದ ನಮೂನೆ 6ಎ ತುಂಬಿ. ಫೋಟೋ, ವಿಳಾಸ ಇರುವ ಪುಟಗಳ ಜೊತೆ ವೀಸಾ ಪುಟದ ಪ್ರತಿಯೂ ಬೇಕು, ಎಷ್ಟೋ ಜನ ಬಿಡುವುದು ಇದನ್ನೇ. ಹೆಸರು ಸೇರುವುದು ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರಕ್ಕೆ, ಅಪ್ಪ ಅಮ್ಮ ಈಗಿರುವ ಊರಿಗಲ್ಲ. ಮತದಾರರ ಚೀಟಿ ಕೊಡುವುದಿಲ್ಲ, ಅಸಲಿ ಪಾಸ್‌ಪೋರ್ಟ್ ಹಿಡಿದು ಊರಿಗೇ ಹೋಗಿ ವೋಟು ಹಾಕಬೇಕು. ಬೇರೆ ದೇಶದ ಪೌರತ್ವ ಪಡೆದು ಓಸಿಐ ಕಾರ್ಡು ಇಟ್ಟುಕೊಂಡವರಿಗೆ ಮತವಿಲ್ಲ.

ಇನ್ನು ಸೂಚನೆಗಳು, ಜಾಗ ಕಡಿಮೆ: ರಾಜ್ಯೋತ್ಸವ ಬರುವ ಶನಿವಾರ ಮಧ್ಯಾಹ್ನ 3ಕ್ಕೆ, ಎಂದಿನ ಸಭಾಂಗಣ. ಮಕ್ಕಳ ನೃತ್ಯದವರು 1 ಗಂಟೆಗೇ ಬನ್ನಿ. ಬಿಸಿಬೇಳೆಬಾತ್ 180 ಜನಕ್ಕೆ, ಬುಧವಾರದೊಳಗೆ ಹೆಸರು ಕೊಡದವರಿಗೆ ಮೊಸರನ್ನ ಮಾತ್ರ. ಕುರ್ಚಿ ಜೋಡಿಸಲು ಎಂಟು ಜನ ಬೇಕು, ಇದುವರೆಗೆ ಇಬ್ಬರು. ಹಾಗೆಯೇ ಈ ಪತ್ರಿಕೆಯ ಪುಟವಿನ್ಯಾಸ ಮಾಡುತ್ತಿದ್ದವರು ಬೇರೆ ಊರಿಗೆ ಹೊರಟಿದ್ದಾರೆ. ಯೂನಿಕೋಡ್‌ನಲ್ಲಿ ಒತ್ತಕ್ಷರ ಒಡೆಯದಂತೆ ಪುಟ ಕಟ್ಟಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ತಿಂಗಳಿಗೆ ಎರಡು ಸಂಜೆಯ ಕೆಲಸ. ಸಂಕ್ರಾಂತಿ ಸಂಚಿಕೆಗೆ ಬರಹಗಳು ಡಿಸೆಂಬರ್ 20ರೊಳಗೆ ತಲುಪಲಿ.