ಮರಳುಗಾಡಿನ ಪ್ರವಾಸ: ವಿವರಗಳನ್ನು ಮೊದಲೇ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಸಮೀಪಿಸಿತೆಂದರೆ ರಾಜಸ್ಥಾನ ಪ್ರವಾಸದ ಜಾಹೀರಾತುಗಳು ನಮ್ಮ ಊರುಗಳ ಟ್ರಾವೆಲ್ಸ್ ಕಚೇರಿಗಳ ಮುಂದೆಯೂ ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಕಾಣಿಸಿಕೊಳ್ಳುತ್ತವೆ. ಜೈಸಲ್ಮೇರ್ ಬಗ್ಗೆ ಎಲ್ಲದರಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಸಾಲು: ಜೀಪ್ ಸಫಾರಿ, ಒಂಟೆ ಸವಾರಿ, ಟೆಂಟ್‌ನಲ್ಲಿ ಒಂದು ರಾತ್ರಿ, ಜಾನಪದ ನೃತ್ಯ, ಊಟ. ಆ ಜೀಪು ಯಾರದು, ಟೆಂಟು ಯಾವ ಜಾಗದಲ್ಲಿದೆ, ಅಪಘಾತವಾದರೆ ಹೊಣೆ ಯಾರದು ಎಂಬುದನ್ನು ಮುಂಗಡ ಪಡೆಯುವ ಮೊದಲೇ ಬರೆದುಕೊಡುವ ಪದ್ಧತಿ ಬರಬೇಕೆಂದು ಕೋರಲು ಈ ಪತ್ರ.

ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್ ಮರಳು ದಿಬ್ಬಗಳಲ್ಲಿ ಸಂಜೆಯಾದೊಡನೆ ತೆರೆದ ಜೀಪುಗಳ ಓಟ ಶುರುವಾಗುತ್ತದೆ. ಸೀಟ್ ಬೆಲ್ಟ್ ಮಾತು ಹಾಗಿರಲಿ, ಮಕ್ಕಳೂ ಸೇರಿದಂತೆ ಇಡೀ ಕುಟುಂಬ ಹಿಂಭಾಗದಲ್ಲಿ ಕಬ್ಬಿಣದ ಸರಳು ಹಿಡಿದು ನಿಂತಿರುವುದೇ ಅಲ್ಲಿ ಸಾಮಾನ್ಯ ನೋಟ. ಮರಳಿನ ಇಳಿಜಾರನ್ನು ನೇರವಾಗಿ ಏರಿ ನೇರವಾಗಿ ಇಳಿಯಬೇಕು. ಅಡ್ಡಲಾಗಿ ತಿರುಗಿಸಿದರೆ ಕೆಳಬದಿಯ ಚಕ್ರಗಳು ಹೂತು ವಾಹನ ಮಗುಚಬಹುದು, ಜನ ನಿಂತಿದ್ದಾಗ ಭಾರ ಮೇಲಕ್ಕೆ ಸರಿಯುವುದರಿಂದ ಆ ಅಪಾಯ ಇನ್ನೂ ಹೆಚ್ಚು. ಜೀಪ್ ಸಫಾರಿ, ಪ್ಯಾರಾಸೈಲಿಂಗ್ ಮುಂತಾದವುಗಳಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2018ರಲ್ಲಿಯೇ ಸುರಕ್ಷತಾ ಮಾರ್ಗಸೂಚಿಗಳನ್ನು ಹೊರತಂದಿದೆ. ಆದರೆ ಅವು ಮಾರ್ಗಸೂಚಿಗಳೇ ಹೊರತು ಕಾನೂನಲ್ಲವಾದ್ದರಿಂದ, ಗಿರಾಕಿ ಕೇಳದಿದ್ದರೆ ಪಾಲಿಸುವವರೂ ಇರುವುದಿಲ್ಲ.

ಉಳಿದುಕೊಳ್ಳುವ ಜಾಗದ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. 12ನೇ ಶತಮಾನದ ಜೈಸಲ್ಮೇರ್ ಕೋಟೆಯೊಳಗೆ ಇಂದಿಗೂ ಜನರು ವಾಸಿಸುತ್ತಿದ್ದಾರೆ. 2013ರಲ್ಲಿ ಅದು ರಾಜಸ್ಥಾನದ ಇತರ ಗಿರಿದುರ್ಗಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಮಳೆ ತೀರಾ ಕಡಿಮೆಯಿರುವ ನಾಡಿಗಾಗಿ, ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ಕಟ್ಟಿದ ಆ ಕೋಟೆಯೊಳಗೆ ಕೊಳಾಯಿ ಬಂದು, ವಸತಿಗೃಹಗಳು ಹೆಚ್ಚಿ, ಬಚ್ಚಲಿನ ನೀರು ತಳದ ಮಣ್ಣಿಗೆ ಇಂಗತೊಡಗಿದ ಮೇಲೆ ಗೋಡೆಗಳು ಬಿರುಕುಬಿಟ್ಟು ಕುಸಿದದ್ದೂ ಇದೆ. ಕೋಟೆಯನ್ನು ಹಗಲೆಲ್ಲ ಸುತ್ತಿ ನೋಡಿ, ರಾತ್ರಿ ತಂಗಲು ಕೆಳಗಿನ ಪೇಟೆಗೆ ಇಳಿಯುವುದು ಸರಿಯೆಂದು ನನ್ನ ಅಭಿಪ್ರಾಯ.

ಟೆಂಟ್‌ಗಳ ಪೈಕಿಯೂ ವ್ಯತ್ಯಾಸವಿದೆ. ಸಮ್‌ನಲ್ಲಿ ಶಿಬಿರಗಳು ರಸ್ತೆಯುದ್ದಕ್ಕೂ ಒತ್ತೊತ್ತಾಗಿವೆ. ಧ್ವನಿವರ್ಧಕದ ಸಿನಿಮಾ ಹಾಡುಗಳ ನಡುವೆ, ತಲೆಮಾರುಗಳಿಂದ ಹಾಡಿಕೊಂಡು ಬಂದ ಮಾಂಗಣಿಯಾರ್ ಗಾಯಕರ ಕಮಾಯಚಾ ಎಂಬ ತಂತಿವಾದ್ಯ ಕಿವಿಗೆ ಬೀಳುವುದೇ ಕಷ್ಟ. ಜೈಸಲ್ಮೇರ್‌ನಿಂದ ನೈರುತ್ಯಕ್ಕಿರುವ ಖುರಿ ಗ್ರಾಮದ ಮಣ್ಣಿನ ಮನೆಗಳಲ್ಲಿ ಆ ಗದ್ದಲ ಕಡಿಮೆ. (ಮರಳುಗಾಡೆಂದರೆ ಸೆಕೆಯೆಂದು ನಂಬಿ ಸ್ವೆಟರ್ ಬಿಟ್ಟು ಹೊರಡುವ ನಮ್ಮವರಿಗೆ ಒಂದು ಮಾತು: ಜನವರಿಯ ರಾತ್ರಿ ಅಲ್ಲಿ ಉಷ್ಣಾಂಶ 5 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು.) ಒಂಟೆ ಸವಾರಿಯನ್ನೂ ಫೋಟೊಕ್ಕಾಗಿ ಹತ್ತು ನಿಮಿಷಕ್ಕೆ ಮುಗಿಸದೆ ಅರ್ಧ ದಿನಕ್ಕೆ ಗೊತ್ತುಮಾಡಿಕೊಂಡರೆ ಸಾಕುವವರ ಕೈಗೆ ನಾಲ್ಕು ಕಾಸು ಹೆಚ್ಚು ಸೇರುತ್ತದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷವಿದ್ದ ಒಂಟೆಗಳು 2019ಕ್ಕೆ ಸುಮಾರು 2.5 ಲಕ್ಷಕ್ಕೆ ಇಳಿದಿವೆ.

ಈ ಪ್ರದೇಶದಲ್ಲಿಯೇ 3,162 ಚದರ ಕಿ.ಮೀ. ವಿಸ್ತಾರದ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ. ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಮುಖ್ಯ ನೆಲೆ ಅದು. ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬಯಲು ನೆಲದ ಮೇಲೆ ಇಡುವ ಈ ಹಕ್ಕಿಗೆ, ದಾರಿ ಬಿಟ್ಟು ಕುರುಚಲು ಹುಲ್ಲುಗಾವಲಿಗೆ ನುಗ್ಗುವ ವಾಹನ ಎಂಥ ಕೇಡೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಮುತ್ತ ಇದೇ ಹಕ್ಕಿ ಬೆರಳೆಣಿಕೆಯಷ್ಟು ಉಳಿದಿರುವಾಗ ಕನ್ನಡಿಗ ಪ್ರವಾಸಿಗರಾದರೂ ಇದನ್ನು ಗಮನಿಸಬೇಕು.

ನಮ್ಮ ರಾಜ್ಯದಿಂದ ಪ್ರವಾಸಿಗರನ್ನು ಕರೆದೊಯ್ಯುವ ಸಂಸ್ಥೆಗಳು ಶಿಬಿರದ ಹೆಸರು ಮತ್ತು ಸ್ಥಳ, ಜೀಪಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಳ್ಳುವ ವ್ಯವಸ್ಥೆ, ವಿಮೆಯ ವಿವರ, ಹತ್ತಿರದ ಆಸ್ಪತ್ರೆಗಿರುವ ದೂರ ಇವಿಷ್ಟನ್ನು ರಸೀದಿಯ ಜೊತೆಗೇ ಕೊಡುವಂತೆ ಪ್ರವಾಸೋದ್ಯಮ ಇಲಾಖೆ ಸೂಚಿಸಬೇಕು. ಒಂದು ಪುಟದ ನಮೂನೆ ಸಿದ್ಧಪಡಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಈ ಚಳಿಗಾಲದ ಬುಕಿಂಗ್ ಆರಂಭವಾಗುವ ಮೊದಲೇ ಅದನ್ನು ಪ್ರಕಟಿಸಬಹುದು.

ಇಂತಿ,
ಪತ್ರಿಕೆಯ ಓದುಗ, ಧಾರವಾಡ