ಫಾರ್ಮ್ಯಾಟ್ ಮಾಡುವ ಮುನ್ನ ರಿಸೆಟ್ ನೋಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡ ಮೇಲೆ, ಗದಗ-ಬೆಟಗೇರಿಯಲ್ಲಿಯೂ ಸುತ್ತಲಿನ ತಾಲ್ಲೂಕುಗಳಲ್ಲಿಯೂ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಅಂಗಡಿಗೆ ಒಯ್ಯುವವರು ಹೆಚ್ಚಾಗಿದ್ದಾರೆ. ಯಂತ್ರ ನಿಧಾನವಾಗಿದೆ ಎನ್ನಿ, ವೈರಸ್ ಬಂದಿದೆ ಎನ್ನಿ, ಆನ್ ಆಗಿ ಅರ್ಧಕ್ಕೇ ನಿಲ್ಲುತ್ತದೆ ಎನ್ನಿ, ಬಹಳಷ್ಟು ಕಡೆ ಸಿಗುವ ಉತ್ತರ ಒಂದೇ: ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಬೇಕು. ಅಂಗಡಿಯವರು ತಮ್ಮಲ್ಲಿರುವ ಪೆನ್‌ಡ್ರೈವ್ ಚುಚ್ಚಿ, ಡಿಸ್ಕಿನ ಎಲ್ಲ ಭಾಗಗಳನ್ನೂ ಅಳಿಸಿ, ಕೈಗೆ ಸಿಕ್ಕ ವಿಂಡೋಸ್ ಪ್ರತಿಯನ್ನು ತುಂಬಿ ಕೊಡುತ್ತಾರೆ. ಹೀಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಆ ಪೆನ್‌ಡ್ರೈವಿನ ಅಗತ್ಯವೇ ಇರುವುದಿಲ್ಲ, ಬದಲಿಗೆ ಅದರಿಂದ ಗ್ರಾಹಕನಿಗೆ ಹಾನಿಯೇ ಆಗುತ್ತಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ.

ಪೆನ್‌ಡ್ರೈವ್ ಇಲ್ಲದೆ ವಿಂಡೋಸ್ ತನ್ನನ್ನು ತಾನೇ ಮರಳಿ ಸ್ಥಾಪಿಸಿಕೊಳ್ಳುವ ‘ರಿಸೆಟ್’ ಎಂಬ ಏರ್ಪಾಡು 2012ರಲ್ಲಿ ವಿಂಡೋಸ್ 8ರೊಂದಿಗೇ ಬಂದಿತು. ಡಿಸ್ಕಿನ ಒಂದು ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಜಿಬಿಯೊಳಗಿನ ಸಣ್ಣ ವಿಭಾಗವಿರುತ್ತದೆ. ಅದಕ್ಕೆ ಡ್ರೈವ್ ಅಕ್ಷರ ಇಲ್ಲದಿರುವುದರಿಂದ ಅದು ‘ದಿಸ್ ಪಿಸಿ’ಯಲ್ಲಿ ಕಾಣಿಸುವುದಿಲ್ಲ. ಮುಖ್ಯ ವಿಂಡೋಸ್ ಏಳದಿದ್ದಾಗಲೂ ಏಳಬಲ್ಲ ಪುಟ್ಟ ವ್ಯವಸ್ಥೆ ಅದರಲ್ಲಿದೆ. ಕೆಲವು ತಯಾರಕರು ಇದರ ಜೊತೆಗೆ ಕಾರ್ಖಾನೆಯಿಂದ ಬಂದ ಸ್ಥಿತಿಗೇ ಯಂತ್ರವನ್ನು ಮರಳಿಸುವ ದೊಡ್ಡ ವಿಭಾಗವೊಂದನ್ನೂ ಇಟ್ಟಿರುತ್ತಾರೆ. ಎಚ್‌ಪಿ ಯಂತ್ರ ಆನ್ ಆಗುವಾಗ ಎಫ್11, ಆಸುಸ್‌ನಲ್ಲಿ ಎಫ್9, ಏಸರ್‌ನಲ್ಲಿ ಆಲ್ಟ್ ಜೊತೆಗೆ ಎಫ್10 ಒತ್ತಿದರೆ ಅಲ್ಲಿಗೆ ದಾರಿ ತೆರೆಯುತ್ತದೆ. ಲೆನೊವೊದ ಅನೇಕ ಲ್ಯಾಪ್‌ಟಾಪುಗಳಲ್ಲಿ ಇದಕ್ಕೆಂದೇ ಸೂಜಿ ಹಿಡಿಸುವಷ್ಟು ರಂಧ್ರದೊಳಗೆ ಒಂದು ಗುಂಡಿ ಇದೆ. ಜಾಗ ಉಳಿಯಲಿ ಎಂದು ಎಲ್ಲ ವಿಭಾಗಗಳನ್ನೂ ಅಳಿಸುವ ಕೈ ಈ ಸೌಲಭ್ಯವನ್ನೂ ಅಳಿಸುತ್ತದೆ. ಮುಂದಿನ ಸಲ ಗ್ರಾಹಕ ಬಯಸಿದರೂ ಆ ದಾರಿ ಅವನಿಗೆ ಇರುವುದಿಲ್ಲ, ಮತ್ತೆ ಅಂಗಡಿಗೇ ಬರಬೇಕಾಗುತ್ತದೆ. ಇದು ಉದ್ದೇಶಪೂರ್ವಕ ಎಂದು ನಾನು ಹೇಳುತ್ತಿಲ್ಲ, ರೂಢಿ ಎಂದಷ್ಟೇ ಹೇಳುತ್ತಿದ್ದೇನೆ.

ವಿಧಾನ ಕಷ್ಟದ್ದಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ರಿಕವರಿ ಎಂಬಲ್ಲಿಗೆ ಹೋಗಬೇಕು; ವಿಂಡೋಸ್ 10ರಲ್ಲಿ ಅದು ಅಪ್‌ಡೇಟ್ ಮತ್ತು ಸೆಕ್ಯುರಿಟಿ ಭಾಗದೊಳಗಿದೆ. ಅಲ್ಲಿ ‘ರಿಸೆಟ್ ದಿಸ್ ಪಿಸಿ’ ಎಂಬುದನ್ನು ಆರಿಸಿದರೆ ಯಂತ್ರ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ನಿಮ್ಮ ಕಡತಗಳನ್ನು ಉಳಿಸಬೇಕೋ, ಎಲ್ಲವನ್ನೂ ತೆಗೆಯಬೇಕೋ ಎಂಬುದು ಮೊದಲನೆಯದು. ಹೊಸ ವಿಂಡೋಸನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕೋ, ಯಂತ್ರದಲ್ಲಿರುವುದರಿಂದಲೇ ಕಟ್ಟಿಕೊಳ್ಳಬೇಕೋ ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಯನ್ನು ಅನೇಕರು ಓದದೆ ಒತ್ತಿಬಿಡುತ್ತಾರೆ, ಆದರೆ ಕೆಲಸ ಕೈಗೂಡುವುದೂ ಕೆಡುವುದೂ ಹೆಚ್ಚಾಗಿ ಅಲ್ಲಿಯೇ. ವಿಂಡೋಸ್ 10ರಿಂದ ಈಚೆಗೆ ಯಂತ್ರದೊಳಗೆ ಪೂರ್ಣ ಪ್ರತಿಯೊಂದನ್ನು ಬೇರೆಯಾಗಿ ಕೂಡಿಟ್ಟಿರುವುದಿಲ್ಲ. ಈಗ ನಡೆಯುತ್ತಿರುವ ವಿಂಡೋಸಿನ ಕಡತಗಳನ್ನೇ ಹೆಕ್ಕಿ ಹೊಸದನ್ನು ಕಟ್ಟಲಾಗುತ್ತದೆ. ಆ ಕಡತಗಳೇ ಕೆಟ್ಟಿದ್ದರೆ ‘ಲೋಕಲ್ ರಿಇನ್‌ಸ್ಟಾಲ್’ ಅರ್ಧಕ್ಕೆ ನಿಂತು, ಯಾವ ಬದಲಾವಣೆಯನ್ನೂ ಮಾಡಿಲ್ಲ ಎಂದು ಹೇಳಿ ಹಿಂದಕ್ಕೆ ಸರಿಯುವುದುಂಟು. ಆಗ ‘ಕ್ಲೌಡ್ ಡೌನ್‌ಲೋಡ್’ ಆರಿಸಬೇಕು. 2020ರ ಮೇ ತಿಂಗಳ ಅಪ್‌ಡೇಟಿನಿಂದ ದೊರೆಯುತ್ತಿರುವ ಈ ಆಯ್ಕೆಗೆ 4 ಜಿಬಿಗೂ ಹೆಚ್ಚು ಡೇಟಾ ಬೇಕು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನ ಹಾಟ್‌ಸ್ಪಾಟ್ ನಂಬಿ ಇದನ್ನು ಆರಂಭಿಸಬಾರದು.

ಇನ್ನು ಕಡತಗಳನ್ನು ಉಳಿಸುವ ಮಾತು. ‘ಕೀಪ್ ಮೈ ಫೈಲ್ಸ್’ ಎಂದು ಆರಿಸಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಇರುವುದು ಉಳಿಯುತ್ತದೆ, ಆದರೆ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಹೋದವುಗಳ ಪಟ್ಟಿಯೊಂದನ್ನು ವಿಂಡೋಸ್ ತಾನಾಗಿಯೇ ಡೆಸ್ಕ್‌ಟಾಪಿನ ಮೇಲೆ ಇಡುತ್ತದೆ. ನಮ್ಮಲ್ಲಿ ಬಹಳ ಜನ, ಮುಖ್ಯ ಕಾಗದಪತ್ರಗಳೆಲ್ಲ ಡೆಸ್ಕ್‌ಟಾಪಿನ ಮೇಲಿವೆ, ಸಿ ಡ್ರೈವ್‌ಗೂ ಅವಕ್ಕೂ ಸಂಬಂಧವಿಲ್ಲ ಎಂದು ತಿಳಿದಿದ್ದಾರೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿಯೇ. ಅಂಗಡಿಯಲ್ಲಿ ಸಿ ಡ್ರೈವ್ ಫಾರ್ಮ್ಯಾಟ್ ಆದಾಗ ಸಹಕಾರ ಸಂಘದ ಸಾಲದ ಪಟ್ಟಿಯಾಗಲಿ, ಶಾಲೆಯ ಅಂಕಪಟ್ಟಿಯಾಗಲಿ ಅದರ ಜೊತೆಗೇ ಹೋಗುತ್ತದೆ. ಬೇಕಾದ ಕಡತಗಳ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಂಡೇ ರಿಸೆಟ್‌ಗೆ ಕೈಹಾಕಬೇಕೆಂಬುದು ಸರಿ, ಆದರೆ ಫಾರ್ಮ್ಯಾಟ್‌ನಲ್ಲಿ ಆ ಎಚ್ಚರಿಕೆ ಇಲ್ಲದವನಿಗೆ ಏನೂ ಉಳಿಯುವುದಿಲ್ಲ, ರಿಸೆಟ್‌ನಲ್ಲಿ ಬಹುಪಾಲು ಉಳಿಯುತ್ತದೆ.

ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿ ಇದಕ್ಕಿಂತ ದೊಡ್ಡ ತೊಡಕೊಂದಿದೆ, ಮತ್ತು ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಇಲ್ಲಿನ ಮುದ್ರಣಾಲಯಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠದ ಸ್ಮರಣ ಸಂಚಿಕೆ, ಸಂಘಗಳ ವಾರ್ಷಿಕ ವರದಿ ಎಲ್ಲವೂ ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿವೆ. ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿರುತ್ತಾರೆ. ಹಾಗಾಗಿ ಕಡತ ಉಳಿದರೂ ಫಾಂಟು ಹೋದರೆ ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆ, ಮಾತ್ರೆಗಳ ಅರ್ಥವಿಲ್ಲದ ಸಾಲುಗಳು ಮಾತ್ರ. ರಿಸೆಟ್ ಆಗಲಿ ಫಾರ್ಮ್ಯಾಟ್ ಆಗಲಿ, ನಾವು ಹಾಕಿಕೊಂಡ ಫಾಂಟುಗಳನ್ನು ತೆಗೆದುಬಿಡುತ್ತದೆ. ಇದನ್ನು ಅರಿಯದವರು ಕಡತಗಳೇ ಕೆಟ್ಟವೆಂದು ತಿಳಿದು ಅಳಿಸಿದ್ದೂ ಉಂಟು, ಮತ್ತೆ ಮೊದಲಿನಿಂದ ಟೈಪ್ ಮಾಡಿಸಲು ಕೂತದ್ದೂ ಉಂಟು. ಕಡತ ಕೆಟ್ಟಿರುವುದಿಲ್ಲ, ಅದೇ ಫಾಂಟನ್ನು ಮತ್ತೆ ಹಾಕಿದ ಕೂಡಲೇ ಕನ್ನಡ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ರಿಸೆಟ್‌ಗೆ ಮುನ್ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಕನ್ನಡದ ಫಾಂಟುಗಳನ್ನೆಲ್ಲ ಡಿ ಡ್ರೈವಿಗೋ ಬೇರೆ ಯಂತ್ರಕ್ಕೋ ನಕಲು ಮಾಡಿಟ್ಟುಕೊಳ್ಳಬೇಕು. ಹಳೆಯ ಆವೃತ್ತಿಯ ಫಾಂಟು ಇಂದು ಹುಡುಕಿದರೆ ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ, ಹೆಸರು ಒಂದೇ ಇದ್ದು ಒಳಗಿನ ಜೋಡಣೆ ಬೇರೆ ಇರುವುದೂ ಉಂಟು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಕಡತಗಳಿಗೆ ಈ ಕಾಟವಿಲ್ಲ. ವಿಂಡೋಸ್ 8ರಿಂದ ಈಚೆಗೆ ಬರುವ ನಿರ್ಮಲಾ ಫಾಂಟಿನಲ್ಲಿ ಅವು ತಾವಾಗಿಯೇ ಕನ್ನಡವಾಗಿ ತೆರೆಯುತ್ತವೆ. ಹೊಸ ಕೆಲಸವನ್ನಾದರೂ ಯುನಿಕೋಡ್‌ನಲ್ಲಿ ಮಾಡಿ ಎಂದು ನಮ್ಮ ಮುದ್ರಕರಿಗೆ ಎಷ್ಟು ಹೇಳಿದರೂ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಕೈಬಿಡಲು ಅವರಿಗೆ ಮನಸ್ಸಿಲ್ಲ, ಅದು ಬೇರೆಯೇ ಪತ್ರದ ವಿಷಯ.

ಪರವಾನಗಿಯ ಪ್ರಶ್ನೆಗೆ ಬರುತ್ತೇನೆ. ವಿಂಡೋಸ್ ಸಹಿತ ಕೊಂಡ ಲ್ಯಾಪ್‌ಟಾಪಿನ ಬೆಲೆಯಲ್ಲಿ ಆ ವಿಂಡೋಸಿನ ಹಣವೂ ಸೇರಿರುತ್ತದೆ. ವಿಂಡೋಸ್ 8ರ ಕಾಲದಿಂದ ತಯಾರಕರು ಅದರ ಕೀಲಿಸಂಖ್ಯೆಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲಿಯೇ ಬರೆದಿಡುತ್ತಾರೆ, ವಿಂಡೋಸ್ 10ರಿಂದ ಪರವಾನಗಿ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಅದೇ ಆವೃತ್ತಿಯನ್ನು, ಅಂದರೆ ಹೋಮ್ ಇದ್ದಲ್ಲಿ ಹೋಮ್ ಆವೃತ್ತಿಯನ್ನೇ ಮರಳಿ ಸ್ಥಾಪಿಸಿದರೆ ಇಂಟರ್‌ನೆಟ್‌ಗೆ ಜೋಡಿಸಿದ ಕೂಡಲೇ ಅದು ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಹೀಗಿರುವಾಗ ಹಣ ಕೊಟ್ಟು ಕೊಂಡ ಹೋಮ್ ಆವೃತ್ತಿಯನ್ನು ಅಳಿಸಿ, ಕದ್ದ ಪ್ರೊ ಆವೃತ್ತಿಯನ್ನು ಹಾಕಿ, ಅದನ್ನು ಕ್ರ್ಯಾಕ್ ಮಾಡಲು ಯಂತ್ರದೊಳಗಿನ ಡಿಫೆಂಡರ್ ಎಂಬ ವೈರಸ್ ಕಾವಲನ್ನು ಬಂದ್ ಮಾಡಿ, ಆಮೇಲೆ ಬೇರೊಂದು ಆ್ಯಂಟಿವೈರಸ್ ಮಾರುವುದು ಯಾವ ಸೀಮೆಯ ಸೇವೆ? ‘ಪ್ರೊ ಹಾಕಿಕೊಟ್ಟಿದ್ದೇನೆ’ ಎಂಬ ಮಾತನ್ನು ಗ್ರಾಹಕರು ಉಪಕಾರವೆಂದು ತಿಳಿಯುವುದನ್ನು ಕಂಡು ಬೇಸರವಾಗುತ್ತದೆ.

ಯಂತ್ರ ಏಳುವುದೇ ಇಲ್ಲ ಎಂದಾದರೆ ಸೆಟ್ಟಿಂಗ್ಸ್ ತೆರೆಯುವುದೆಲ್ಲಿಂದ ಎಂದು ಕೇಳಬಹುದು. ವಿಂಡೋಸ್ ಕೆಲವು ಸಲ ಸತತವಾಗಿ ಏಳಲು ಸೋತರೆ ತಾನಾಗಿಯೇ ಆ ಸಣ್ಣ ವಿಭಾಗದ ವ್ಯವಸ್ಥೆಗೆ ಹೋಗುತ್ತದೆ. ಲಾಗಿನ್ ಪರದೆಯವರೆಗೆ ಬರುವ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿದು ರಿಸ್ಟಾರ್ಟ್ ಆರಿಸಿದರೂ ಅಲ್ಲಿಗೆ ಹೋಗಬಹುದು. ನಂತರ ‘ಟ್ರಬಲ್‌ಶೂಟ್’ ಎಂಬುದರೊಳಗೆ ಅದೇ ರಿಸೆಟ್ ಇದೆ. ಅಲ್ಲಿಂದ ಕ್ಲೌಡ್ ಡೌನ್‌ಲೋಡ್ ಮಾಡುವುದಾದರೆ ವೈಫೈಗಿಂತ ರೌಟರಿನಿಂದ ನೇರ ಕೇಬಲ್ ಜೋಡಿಸುವುದು ಒಳಿತು. ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಈ ಹಂತದಲ್ಲಿ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಯಂತ್ರಗಳಲ್ಲಿ ಈ ಬೀಗ ಮಾಲೀಕರಿಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ, ಕೀ ಆ ಖಾತೆಯಲ್ಲಿಯೇ ಇರುತ್ತದೆ. ಫೋನಿನಿಂದ ಲಾಗಿನ್ ಆಗಿ ನೋಡಬಹುದು. ಆದರೆ ಕೊಳ್ಳುವ ದಿನ ಅಂಗಡಿಯ ಹುಡುಗ ತನ್ನದೇ ಇಮೇಲ್ ಹಾಕಿ ಯಂತ್ರ ಚಾಲೂ ಮಾಡಿಕೊಟ್ಟಿದ್ದರೆ ಕೀ ಹೋಗಿ ಕೂತಿರುವುದು ಅವನ ಖಾತೆಯಲ್ಲಿ. ನಮ್ಮ ಕಡೆ ಇದು ಅಪರೂಪವೇನಲ್ಲ.

ರಿಸೆಟ್ ಮಾಡದೆಯೂ ಕೆಲಸ ಆಗುವ ಸಂದರ್ಭಗಳಿವೆ. ವಿಂಡೋಸ್ 11ರ ಅದೇ ರಿಕವರಿ ಪುಟದಲ್ಲಿ ಈಗ ವಿಂಡೋಸ್ ಅಪ್‌ಡೇಟ್ ಮೂಲಕ ಇದೇ ಆವೃತ್ತಿಯನ್ನು ಮರಳಿ ಸ್ಥಾಪಿಸುವ ಗುಂಡಿಯೊಂದಿದೆ. ಅದು ಕಡತಗಳನ್ನಷ್ಟೇ ಅಲ್ಲದೆ ತಂತ್ರಾಂಶಗಳನ್ನೂ ಸೆಟ್ಟಿಂಗುಗಳನ್ನೂ ಹಾಗೆಯೇ ಉಳಿಸುತ್ತದೆ. ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಪ್ರಿಂಟರಿನ ಡ್ರೈವರ್ ಇವನ್ನೆಲ್ಲ ಮತ್ತೆ ಹೊಂದಿಸಲು ಸಮಯವಿಲ್ಲದ ಕಚೇರಿಗಳು ಮೊದಲು ಇದನ್ನೇ ನೋಡಬೇಕು. ಆ ಗುಂಡಿ ಇಲ್ಲದ ಯಂತ್ರದಲ್ಲಿ ಮೈಕ್ರೋಸಾಫ್ಟ್ ಜಾಲತಾಣದಿಂದ ಐಎಸ್‌ಒ ಕಡತವನ್ನು, ಅಂದರೆ ಸ್ಥಾಪನೆಯ ಡಿಸ್ಕನ್ನೇ ಒಂದು ಕಡತವಾಗಿಸಿದ ಪ್ರತಿಯನ್ನು, ಇಳಿಸಿಕೊಂಡು ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಡಿವಿಡಿ ಹಾಕಿದಂತೆ ತೆರೆದುಕೊಳ್ಳುತ್ತದೆ. ಒಳಗಿನ ಸೆಟಪ್ ಚಾಲೂ ಮಾಡಿ ಎಲ್ಲವನ್ನೂ ಉಳಿಸುವ ಆಯ್ಕೆ ಕೊಟ್ಟರೆ ಇದೇ ಫಲ ದೊರೆಯುತ್ತದೆ.

ಆ್ಯಪಲ್ ಕಂಪನಿಯ ಮ್ಯಾಕ್ ಯಂತ್ರಗಳಲ್ಲಿ 2011ರಿಂದಲೇ ಈ ಏರ್ಪಾಡಿದ್ದು, ಡಿಸ್ಕ್ ಪೂರ್ತಿ ಖಾಲಿಯಾಗಿದ್ದರೂ ಇಂಟೆಲ್ ಮಾದರಿಗಳು ಇಂಟರ್‌ನೆಟ್‌ನಿಂದಲೇ ವ್ಯವಸ್ಥೆಯನ್ನು ತಂದುಕೊಳ್ಳಬಲ್ಲವು. ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಇರುವ ಯಂತ್ರದಲ್ಲಿಯೂ ಅದರ ಐಎಸ್‌ಒ ಕಡತವನ್ನು ಡಿಸ್ಕಿನಲ್ಲೇ ಇಟ್ಟು, ಗ್ರಬ್ ಎಂಬ ಆರಂಭಿಕ ತಂತ್ರಾಂಶದಿಂದ ಅದನ್ನೇ ತೆರೆದು ಹೊಸದಾಗಿ ಸ್ಥಾಪಿಸಬಹುದು. ಐಎಸ್‌ಒ ಇರುವ ವಿಭಾಗವನ್ನು ಮಾತ್ರ ಆ ವೇಳೆ ಅಳಿಸುವಂತಿಲ್ಲ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಶಾಲೆಗಳ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಯೋಗ್ಯ ಎಂಬುದು ನನ್ನ ಅಭಿಪ್ರಾಯ. ರಿಸೆಟ್ ಮಾಡಿದರೆ ವಿಂಡೋಸ್ 10 ಮರಳಿ ವಿಂಡೋಸ್ 10 ಆಗುತ್ತದೆಯೇ ಹೊರತು 11 ಆಗುವುದಿಲ್ಲ ಎಂಬುದನ್ನು ಮುಖ್ಯಶಿಕ್ಷಕರು ಗಮನಿಸಬೇಕು.

ಅಂಗಡಿಯವರ ಪಕ್ಷವನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ಪೆನ್‌ಡ್ರೈವಿನಿಂದ ಅರ್ಧ ಗಂಟೆಯಲ್ಲಿ ಮುಗಿಯುವುದಕ್ಕೆ ರಿಸೆಟ್ ಗಂಟೆಗಟ್ಟಲೆ ಹಿಡಿಯುತ್ತದೆ, ಹಳೆಯ ಹಾರ್ಡ್‌ಡಿಸ್ಕಿನಲ್ಲಂತೂ ಕೇಳುವುದೇ ಬೇಡ. ನಡುವೆ ಕರೆಂಟ್ ಹೋದರೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಏಳದೆ ಹೋಗಬಹುದು. ಡಿಸ್ಕೇ ಸತ್ತು ಹೊಸ ಎಸ್‌ಎಸ್‌ಡಿ ಹಾಕಿದ ವಿಂಡೋಸ್ ಯಂತ್ರಕ್ಕೆ ಸಾಮಾನ್ಯವಾಗಿ ಪೆನ್‌ಡ್ರೈವ್ ಬೇಕೇ ಬೇಕು. ಮೈಕ್ರೋಸಾಫ್ಟ್ ಕೂಡ ಇಲ್ಲಿ ನಿರ್ದೋಷಿಯಲ್ಲ: 2025ರ ಅಕ್ಟೋಬರ್ ಅಪ್‌ಡೇಟ್ ಬಂದ ಮೇಲೆ ವಿಂಡೋಸ್ 11ರ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸುಗಳೇ ಕೆಲಸ ಮಾಡದಂತಾಗಿ, ಕೆಲವು ದಿನಗಳಲ್ಲಿ ಅದನ್ನು ಸರಿಪಡಿಸಲು ಮತ್ತೊಂದು ಅಪ್‌ಡೇಟ್ ಬಿಡಬೇಕಾಯಿತು. ಆದರೂ ಮೊದಲು ನೋಡಬೇಕಾದದ್ದು ಯಾವುದು, ಕೊನೆಗೆ ನೋಡಬೇಕಾದದ್ದು ಯಾವುದು ಎಂಬ ಕ್ರಮ ಇದರಿಂದ ಬದಲಾಗುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಸರ್ಕಾರಿ ಐಟಿಐಗಳಲ್ಲಿ ಕೋಪಾ ಎಂಬ ಕಂಪ್ಯೂಟರ್ ತರಬೇತಿ ಕಲಿಯುವ ಮಕ್ಕಳಿಗೆ ಬೋಧಕರು ರಿಸೆಟ್ ಮತ್ತು ಐಎಸ್‌ಒ ವಿಧಾನಗಳನ್ನು ಬೋರ್ಡಿನ ಮೇಲೆ ಬರೆದು ಬಿಡದೆ, ಲ್ಯಾಬಿನ ಯಂತ್ರಗಳ ಮೇಲೆಯೇ ಕೈಯಾರೆ ಮಾಡಿಸಬೇಕು; ನಾಳೆ ರೋಣ, ಮುಂಡರಗಿ, ಶಿರಹಟ್ಟಿಗಳಲ್ಲಿ ಅಂಗಡಿ ತೆರೆಯುವವರು ಈ ಮಕ್ಕಳೇ. ಗ್ರಾಮ ಪಂಚಾಯಿತಿಗಳೂ ಸಹಕಾರ ಸಂಘಗಳೂ ಯಂತ್ರವನ್ನು ರಿಪೇರಿಗೆ ಕೊಡುವಾಗ, ಯಾವ ಆವೃತ್ತಿಯ ವಿಂಡೋಸ್ ಇತ್ತು, ಯಾವುದನ್ನು ಮರಳಿ ಹಾಕಲಾಯಿತು, ರಿಕವರಿ ವಿಭಾಗವನ್ನು ಉಳಿಸಲಾಗಿದೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಬೇಕು, ಬರೆದುಕೊಡದ ಬಿಲ್ಲಿಗೆ ಹಣ ಪಾವತಿಸಬಾರದು.

ಇಂತಿ ತಮ್ಮ ವಿಶ್ವಾಸಿ,
ಡಿಟಿಪಿ ಕೆಲಸಗಾರ, ಬೆಟಗೇರಿ, ಗದಗ