ತಲೆ ಎತ್ತಿ ಹೋಗಿ ಎಂದವನಿಗೆ, ಮತ್ತೆ ಎಲ್ಲರಿಗೂ

ಭಾನುವಾರ ಸಂಜೆ ರೆಫರಿ ಕೊನೆಯ ಸೀಟಿ ಊದಿದಾಗ 1–1. ನಮಗೆ ಬೇಕಿದ್ದದ್ದು ಒಂದೇ ಅಂಕ, ಅದು ಸಿಕ್ಕಿತು. ತಂಡ ಹಿಂಬಡ್ತಿಯಿಂದ ಪಾರಾಯಿತು. ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ಮುಂದಿನ ವರ್ಷವೂ ಇದೇ ವಿಭಾಗದಲ್ಲಿ ಆಡುತ್ತೇವೆ. ಊರಿಗೆಲ್ಲ ಸಿಹಿ ಹಂಚುವಂಥ ಗೆಲುವೇನಲ್ಲ ಇದು. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾರ ಋಣದಿಂದ ಇಲ್ಲಿಗೆ ಬಂದೆವೋ ಅವರ ಮುಖಗಳು ಒಂದೊಂದಾಗಿ ಕಣ್ಣೆದುರು ಬರುತ್ತಿದ್ದವು.

ಮೊದಲ ವಂದನೆ ನಮ್ಮ ಗೋಲ್‌ಕೀಪರ್‌ಗೆ. ಕಳೆದ ವರ್ಷ ನಾಕೌಟ್ ಪಂದ್ಯವೊಂದರ ಪೆನಾಲ್ಟಿ ಶೂಟೌಟ್‌ನಲ್ಲಿ (ಪಂದ್ಯ ಸಮನಾದಾಗ ಒಬ್ಬೊಬ್ಬರೇ ಬಂದು ಗೋಲಿಗೆ ಒದೆಯುವ ಸುತ್ತು) ನಾಯಕನಾದ ನಾನೇ ಚೆಂಡನ್ನು ಗೋಲಿನ ಮೇಲಿಂದ ಆಚೆ ಹೊಡೆದೆ. ಶೂಟೌಟ್ ನಡೆಯುವಾಗ ಒದೆಯುವವನು ಮತ್ತು ಇಬ್ಬರು ಗೋಲ್‌ಕೀಪರ್‌ಗಳನ್ನು ಬಿಟ್ಟು ಉಳಿದ ಆಟಗಾರರು ಮಧ್ಯದ ವೃತ್ತದಿಂದ ಹೊರಬರುವಂತಿಲ್ಲ. ತಪ್ಪಿದವನು ಅಷ್ಟು ದೂರ ಒಬ್ಬನೇ ನಡೆದು ಹೋಗಬೇಕು. ಸುಮಾರು ನಲವತ್ತು ಹೆಜ್ಜೆ. ಆ ಹೆಜ್ಜೆಗಳ ಭಾರ ನಡೆದವರಿಗೇ ಗೊತ್ತು. ಅಂದು ಈ ಹತ್ತೊಂಬತ್ತರ ಹುಡುಗ ತನ್ನ ಸರದಿಗೆ ಗೋಲಿನತ್ತ ಬರುತ್ತಿದ್ದವನು ನನ್ನನ್ನು ತಡೆದು ನಿಲ್ಲಿಸಿದ. ಕೆಮ್ಮಣ್ಣು ಮೆತ್ತಿದ ಕೈಗವಸುಗಳಲ್ಲಿ ನನ್ನ ಎರಡೂ ಕೆನ್ನೆ ಹಿಡಿದು, "ಅಣ್ಣ, ತಲೆ ಎತ್ತಿ ಹೋಗಿ. ಇನ್ನೂ ಒದೆಯಬೇಕಾದವರು ನಿಮ್ಮ ಮುಖವನ್ನೇ ನೋಡುತ್ತಿದ್ದಾರೆ" ಎಂದ. ಆ ಪಂದ್ಯ ಸೋತೆವು. ಆದರೆ ಹನ್ನೆರಡು ವರ್ಷ ಆಡಿಯೂ ನನಗೆ ತಿಳಿಯದಿದ್ದದ್ದನ್ನು ಆ ಹುಡುಗ ಒಂದು ಮಾತಿನಲ್ಲಿ ತಿಳಿಸಿಕೊಟ್ಟಿದ್ದ.

ಆಮೇಲೆ ಲೀಗ್‌ನಲ್ಲಿ ಸಾಲುಸಾಲು ಸೋಲು. ನಾಯಕನ ತೋಳುಪಟ್ಟಿಯನ್ನು ಕೋಚ್ ಕೈಗೆ ಒಪ್ಪಿಸಲು ಹೋದೆ. ಅವರು ಅದನ್ನು ಮುಟ್ಟಲೂ ಇಲ್ಲ. ಕೂರಿಸಿಕೊಂಡು 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಕಥೆ ಹೇಳಿದರು. ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಕೋಚ್ ಸೈಯದ್ ಅಬ್ದುಲ್ ರಹೀಂ ಮುಂಚೂಣಿಯಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಅವರದೊಂದು, ಜರ್ನೈಲ್ ಅವರದೊಂದು ಗೋಲು. ಭಾರತ 2–1ರಿಂದ ಗೆದ್ದು ಚಿನ್ನ ತಂದಿತು. ಮೈದಾನದ ತುಂಬ ಭಾರತದ ವಿರುದ್ಧ ಕೂಗುವವರೇ ಇದ್ದರಂತೆ. ತಲೆಗೆ ಹೊಲಿಗೆ ಬಿದ್ದವನನ್ನು ಆಡಿಸುವುದನ್ನು ಇಂದು ನಾನಂತೂ ಒಪ್ಪಲಾರೆ. ಆದರೆ ನಮ್ಮ ಕೋಚ್ ಹೇಳಹೊರಟದ್ದು ಬೇರೆ: ನೊಂದವನನ್ನು ಬದಿಗೆ ತಳ್ಳದೆ, ಅವನಿಂದ ಆಗುವ ಕೆಲಸ ಯಾವುದೆಂದು ರಹೀಂ ಸಾಹೇಬರು ಹುಡುಕಿದರು. ಮರುದಿನವೇ ನಮ್ಮ ಕೋಚ್ ನನ್ನನ್ನು ಹಿಂದಿನ ಸಾಲಿನಿಂದ ಮಿಡ್‌ಫೀಲ್ಡ್‌ಗೆ ತಂದರು. ನಾನು ಮತ್ತೆ ಉಸಿರಾಡಿದ್ದು ಅಲ್ಲಿ.

ಅಭ್ಯಾಸವನ್ನೂ ಬದಲಾಯಿಸಿದರು. ಓಡಿ ಓಡಿ ಕಾಲು ಸೋತ ಮೇಲೆಯೇ ಪೆನಾಲ್ಟಿ. ಮಧ್ಯದ ವೃತ್ತದಿಂದ ನಡೆದೇ ಬರಬೇಕು. ಬದಿಯಲ್ಲಿ ನಿಂತವರು ಬಾಯಿಗೆ ಬಂದದ್ದು ಕೂಗಬೇಕು. ಸೀಟಿ ಕೇಳಿದ ತಕ್ಷಣ ಓಡಬಾರದು, ಒಂದು ಉಸಿರು ಪೂರ್ತಿ ಎಳೆದುಕೊಂಡೇ ಹೊರಡಬೇಕು. ಇನ್ನೊಂದು ನಿಯಮ: ಯಾರು ತಪ್ಪಿದರೂ ಅವನ ಬಳಿಗೆ ಮೊದಲು ಓಡಬೇಕಾದವನು ಯಾರೆಂದು ಪಂದ್ಯಕ್ಕೆ ಮೊದಲೇ ಗೊತ್ತುಮಾಡುತ್ತಿದ್ದರು.

2023ರ ಜುಲೈ 4ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿದ್ದವರಿಗೆ ಇದು ಅರ್ಥವಾಗುತ್ತದೆ. ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿಯಾದ ಸ್ಯಾಫ್‌ನ ಫೈನಲ್, ಕುವೈತ್ ಎದುರು ಭಾರತ 1–1, ಶೂಟೌಟ್. ಸುನಿಲ್ ಛೆಟ್ರಿ ಮೊದಲನೆಯವರಾಗಿ ಬಂದು ಗೋಲು ಹೊಡೆದರು. ನಾಲ್ಕನೆಯವರಾದ ಉದಾಂತ ಸಿಂಗ್ ತಪ್ಪಿದಾಗ ನನ್ನ ಪಕ್ಕದ ಹಿರಿಯರು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟರು. ಮಹೇಶ್ ಸಿಂಗ್ ಆರನೆಯದನ್ನು ಒಳಗೆ ಕಳುಹಿಸಿದರು, ಗುರ್‌ಪ್ರೀತ್ ಸಿಂಗ್ ಸಂಧು ಕುವೈತ್‌ನ ಆರನೆಯದನ್ನು ತಡೆದರು. 5–4. ಒಬ್ಬನ ತಪ್ಪನ್ನು ಉಳಿದವರು ಹೊತ್ತು ದಡ ಸೇರಿಸುವುದನ್ನು ಅಂದು ಕಣ್ಣಾರೆ ಕಂಡಿದ್ದೆ. ಅದು ನಮ್ಮ ಬದುಕಿಗೂ ಬರುತ್ತದೆಂದು ಆಗ ಅಂದುಕೊಂಡಿರಲಿಲ್ಲ.

ಸೋತ ದಿನಗಳಲ್ಲೂ ಜೆರ್ಸಿ ಒಗೆದು ಮಡಿಸಿ ತಂದುಕೊಟ್ಟ ಅಣ್ಣನಿಗೆ, ಭಾನುವಾರಗಳನ್ನೆಲ್ಲ ನನಗೆ ಬಿಟ್ಟುಕೊಟ್ಟ ಹೆಂಡತಿಗೆ, ಹಣ ಕೇಳದೆ ಮೊಣಕಾಲಿಗೆ ಪಟ್ಟಿ ಸುತ್ತಿದ ಫಿಸಿಯೋಗೆ ಕೈಮುಗಿಯುತ್ತೇನೆ.

ಕೊನೆಯದಾಗಿ ನಮ್ಮ ಎಡಬದಿಯ ಡಿಫೆಂಡರ್. ಹದಿನೇಳು ವರ್ಷ. ಭಾನುವಾರ ನಾವು 1–0ರಿಂದ ಮುಂದಿದ್ದಾಗ, ಪಂದ್ಯ ಮುಗಿಯಲು ಹನ್ನೆರಡು ನಿಮಿಷ ಇರುವಂತೆ ಅವನ ಕಾಲಿನಿಂದ ಜಾರಿದ ಚೆಂಡೇ ಎದುರಾಳಿಯ ಗೋಲಾಯಿತು. ಅವನ ಬಳಿಗೆ ಮೊದಲು ಓಡಬೇಕಾದವನು ಅಂದು ನಾನು. ತುಟಿ ನಡುಗುತ್ತಿತ್ತು, ಕಣ್ಣು ನೆಲದಲ್ಲಿತ್ತು. ಅವನ ಕೆನ್ನೆ ಹಿಡಿದು ಮುಖ ಎತ್ತಿದೆ. ನನಗೆ ಹೇಳಿದ್ದ ಮಾತನ್ನೇ ಅವನಿಗೂ ಹೇಳಿದೆ. ರೆಫರಿ ಕೊನೆಗೆ ಸೇರಿಸಿದ ನಿಮಿಷಗಳಲ್ಲಿ ನಮ್ಮ ಗೋಲ್‌ಕೀಪರ್‌ನನ್ನೂ ದಾಟಿ ಹೋದ ಚೆಂಡನ್ನು ಗೆರೆಯ ಮೇಲೆ ಕಾಲು ಚಾಚಿ ಹೊರಗೆ ತಳ್ಳಿದವನು ಅವನೇ. ತಮ್ಮಾ, ಆ ಒಂದು ಅಂಕ ನೀನು ಕೊಟ್ಟದ್ದು.